ಗೆರೆ ಹಾಕಿದವ

ರಾತ್ರಿ ಊಟ ಮುಗಿಸಿ ಬಾಟಲಿ ಹಿಡಿದು ಹೋಗತಿದ್ದೆ,
ಮಾಬುಸಾಬನ ಅಂಗಡಿಯ ಆಡಿನ ರಕ್ತ,
ಹೆಪ್ಪುಗಟ್ಟದಂಗ ಒಂದು ಚಿಟಿಕಿ ಉಪ್ಪು,
ಮುಚ್ಚಳಕ್ಕ ಮೊಳಿಯಿಂದ ಹೊಡೆದ ತೂತು.
ಹತ್ತು ಹೆಜ್ಜಿಗೊಂದು ಹನಿ, ಆಮ್ಯಾಲ ಇಪ್ಪತ್ತಕ್ಕ,
ಆಮ್ಯಾಲ ಬರೇ ಗೊರಸು ಎಳೆದ ಗುರುತು.
ಗಾಳೆಪ್ಪಜ್ಜನ ಲೆಕ್ಕ ಅದು:
"ಗಾಯ ಮೊದಲು ಒದರತೈತಿ,
ಆಮ್ಯಾಲ ಪಿಸುಗುಡತೈತಿ,
ಕಡೀಕ ಸುಮ್ಮನಾಗತೈತಿ.
ಸುಮ್ಮನಾದದ್ದನ್ನ ಕೇಳಬೇಕು ನಾಯಿ."

ನಾಯಿ ಅಂದ್ರ ಹತ್ತು ತಿಂಗಳ ಹೆಣ್ಣುಮರಿ,
ಒಂದು ಕಿವಿ ನಿಂತು ಒಂದು ಬಾಗಿ,
ಎಣಿಸಾಕ ಬರೋವಂಥ ಪಕ್ಕೆಲುಬು.
ಹೆಸರು ಸೂಜಿ.
ಹದಿನೆಂಟು ಮೊಳದ ಹಗ್ಗ ಅದರ ದಾರ.

ಇಬ್ಬನಿ ಆರೋದ್ರೊಳಗ ಅಜ್ಜ ಅದನ್ನ ಹಾದಿಗೆ ಹಚ್ಚತಿದ್ದ.
ಎಳೀತಿದ್ದಿಲ್ಲ, ಬೈತಿದ್ದಿಲ್ಲ.
ಬೆಳವ ಹಾರಿದ್ರ ಅದು ತಲಿ ಎತ್ತತಿತ್ತು;
ಅಜ್ಜ ನಿಂತುಬಿಡತಿದ್ದ, ಕರೆಂಟಿನ ಕಂಬದಂಗ,
ಅದಕ್ಕ ನಾಚಿಕಿ ಬರೋತನಕ.
ಎರಿ ಹೊಲದಾಗ ವಾಸನಿ ಬಿರುಕಿಗೆ ಇಳಿದು ಮಲಗತೈತಿ,
ಮಸಾರಿಯಾಗ ಬಿಸಿಲು ಏರಿದ್ರ ಎದ್ದು ಹೋಗತೈತಿ,
ಕಲ್ಲಿನ ಮ್ಯಾಲ ನಿಲ್ಲೋದೇ ಇಲ್ಲ,
ಜಾಲಿ ಬುಡಕ್ಕ ಒಂದು ದಿನ ಉಳೀತೈತಿ.
ಇದನ್ನೆಲ್ಲ ಅಜ್ಜ ನನಗ ಹೇಳಿದ. ನಾಯಿಗೆ ಹೇಳಲಿಲ್ಲ.
ಗೆರೆ ಮುಗಿದಲ್ಲಿ, ಕಾರೆಕಂಟಿಯೊಳಗ, ನಾ ಬಚ್ಚಿಟ್ಟ ಗೊರಸು.
ಸಿಕ್ಕ ಕೂಡಲೇ ನನ್ನ ಅಂಗೈಯಿಂದ
ಒಂದು ಚೂರು ಕಲೇಜಿ.

ಅಜ್ಜ ಹರೇದಾಗ ಬ್ಯಾಟಿಗಾರ.
"ಹೊಟ್ಟಿಗೆ ಗುಂಡು ಬಿದ್ದ ಚಿಗರಿ ಹಳ್ಳ ದಾಟಿತು.
ಮೂರು ದಿನ ಹುಡುಕಿದೆ.
ನಾಕನೇ ದಿನ ಹದ್ದು ತೋರಿಸಿದವು."
ಅಷ್ಟ ಹೇಳಿ ಬೀಡಿ ಹಚ್ಚಿದ.
ಈಗ ಫಾರೆಸ್ಟಿನವರಿಗೆ ನಾಯಿ ಬೇಕಿತ್ತು,
ಲಾರಿ ಬಡಿದದ್ದು, ತಂತಿಗೆ ಸಿಕ್ಕದ್ದು ಹುಡುಕಾಕ,
ಉಳಿಯೋದನ್ನ ಉಳಿಸಾಕ, ಉಳಿಯದ್ದನ್ನ ಬಿಡಿಸಾಕ.

ಆ ಚಳಿಗಾಲ ನನ್ನ ಕಡಲಿ ಹೊಲಕ್ಕ ಹಂದಿ ಬೀಳತಿದ್ದವು.
ಬದುವಿನ ಸಂದಿಯೊಳಗ ಬೈಕಿನ ಕ್ಲಚ್ ವೈರು, ಮೂರು,
ನಾನ ಕಟ್ಟಿದ್ದೆ.
ಯಾರಿಗೂ ಹೇಳಿರಲಿಲ್ಲ. ಹೇಳೋವಂಥ ಮಾತೂ ಅಲ್ಲ,
ಎಲ್ಲಾರೂ ಕಟ್ಟತಾರ.

ಕುಕನೂರಿನಿಂದ ಗಾರ್ಡ್ ಶೇಖಪ್ಪನ ಫೋನು:
ಹೆಣ್ಣು ಚಿಗರಿ, ಮುಂಗಾಲಿಗೆ ವೈರು,
ಕುಂಟತಾ ಹಿರೇಹಳ್ಳದ ಕಡೆ ಹೋದದ್ದನ್ನ
ಕುರಿಯವರು ನೋಡ್ಯಾರ.
ರಕ್ತ ಕಂಡಲ್ಲಿ ಅಜ್ಜ ಹಗ್ಗ ಸಡಿಲ ಬಿಟ್ಟ.
ಸೂಜಿ ಮೂಗು ಇಟ್ಟಿತು.
ಹಳ್ಳದ ಕಡೆ ನಾಕು ಮಾರು ಹೋಯ್ತು.
ನಿಂತಿತು.
ತಿರುಗಿತು.
ಗಾರ್ಡನ್ನ ದಾಟಿ, ಕುರಿಯವರನ್ನ ದಾಟಿ ಬಂದು
ನನ್ನ ಮುಂದ ಕುಂತಿತು,
ಮೂಗು ನನ್ನ ಬಲಗೈಗೆ ಹಚ್ಚಿ.

ಶೇಖಪ್ಪ ನಕ್ಕ: "ಕಲೇಜಿ ನೆನಪಾಗೈತಿ!"
ಅಜ್ಜ ನಗಲಿಲ್ಲ.
"ತಪ್ಪು ನಂದು," ಅಂದ.
"ದಿನಾ ಒಬ್ಬನ ಕೈಲೇ ಗೆರೆ ಹಾಕಿಸಿದೆ.
ಗಾಯ ಅಂದ್ರ ಇವನ ವಾಸನಿ ಅಂತ ಕಲ್ತೈತಿ."
ನನ್ನ ಮಾರಿ ನೋಡದ ಅಂದ.
ಯಾಕ ನೋಡಲಿಲ್ಲ ಅಂತ ಇವತ್ತಿಗೂ ಕೇಳಿಲ್ಲ.
"ನೀ ಇಲ್ಲೇ ಇರು."
ಸೂಜಿಯ ಕೊರಳಿಗೆ ಕೈ ಹಾಕಿ ಮೆಲ್ಲಕ
ಹಳ್ಳದ ದಿಕ್ಕಿಗೆ ತಿರುಗಿಸಿದ.

ನಾನು ಅಲ್ಲಿರಲಿಲ್ಲ. ಹೊಲಕ್ಕ ಹೋದೆ.
ಎರಡು ಉರುಲು ಕಟ್ಟಿದಂಗ ಇದ್ದವು.
ಮೂರನೇದರ ಗೂಟ ಕಿತ್ತು, ಸುತ್ತ ಕಡಲಿ ತುಳಿದು ನೆಲ ಆಗಿತ್ತು,
ರಾತ್ರಿಯಿಡೀ ತುಳಿದಿರಬೇಕು.
ಇಕ್ಕಳದಿಂದ ಎರಡನ್ನೂ ಕತ್ತರಿಸಿದೆ,
ಮಣ್ಣು ಹಚ್ಚಿ ಕೈ ತಿಕ್ಕಿದೆ, ಮತ್ತೊಮ್ಮೆ ತಿಕ್ಕಿದೆ.

ಹೊತ್ತೇರಿದ ಮ್ಯಾಲ ಹಳ್ಳದ ಕಡಿಂದ ಸಿಳ್ಳು.
ಒಂದಂದ್ರ ಸಿಕ್ಕೈತಿ. ಎರಡಂದ್ರ ಜೀವ ಐತಿ.
ಎರಡನೇದಕ್ಕ ಕಾದು ನಿಂತೆ,
ಇಕ್ಕಳ ಕೈಯಾಗ.
ಗಾಳಿ ನನ್ನ ಕಡಿಂದ ಹಳ್ಳದ ಕಡೆ ಬೀಸತಿತ್ತು.